ಹೆಗಲಿಗಿಂತ ಒಸಿ ಕೆಳಕ್ಕೆ

ನನ್ನ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ರಾಮನಗರದ ನಮ್ಮ ಬೀದಿಯ ಕೋಳಿಗಳು ಬೇರೆ ಕಾರುಗಳ ಕೆಳಗೆ ನುಗ್ಗಿ ಹೋಗುತ್ತವೆ, ಇದನ್ನು ಮಾತ್ರ ಸುತ್ತಿಕೊಂಡು ಹೋಗುತ್ತವೆ. ಎರಡು ಬಾಗಿಲು, ಎರಡು ಸೀಟು, ಸೀಟಿನ ಹಿಂದೆ ಅರ್ಧ ಮೂಟೆ ಅಕ್ಕಿ ಹಿಡಿಸುವಷ್ಟು ಜಾಗ. ಬೆಂಗಳೂರಿನವರೊಬ್ಬರು ಭಾನುವಾರಕ್ಕೊಮ್ಮೆ ಓಡಿಸಿ, ಒರೆಸಿ, ಮುಸುಕು ಹಾಕಿ ಇಟ್ಟಿದ್ದ ಸ್ಪೋರ್ಟ್ಸ್ ಕಾರು ಇದು. ನಾನು ಸೆಕೆಂಡ್ ಹ್ಯಾಂಡಿಗೆ ಕೊಂಡು ದಿನಬಳಕೆಗೆ ಇಳಿಸಿಬಿಟ್ಟೆ. ಅದರಲ್ಲೇ ಫ್ಯಾಕ್ಟರಿಗೆ ಹೋಗುತ್ತೇನೆ, ಅದರಲ್ಲೇ ತರಕಾರಿ ತರುತ್ತೇನೆ, ಕುದೂರಿನ ತವರುಮನೆಯಿಂದ ಹಲಸಿನ ಹಣ್ಣು ತಂದದ್ದೂ ಅದರಲ್ಲೇ. ಆಮೇಲೆ ವಾರವೆಲ್ಲ ಕಾರಿನೊಳಗೆ ಹಲಸಿನ ವಾಸನೆ. ಟೀ ಅಂಗಡಿಯ ಮುಂದೆ ನಿಲ್ಲಿಸಿದರೆ, "ಏನಕ್ಕ, ಕಾರು ಕುಂತ್ಬುಟ್ಟೈತಲ್ಲ, ಎಬ್ಬುಸ್ಬೇಕಾ?" ಎಂದು ಯಾರಾದರೂ ಕೇಳದ ದಿನವಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಎಬ್ಬುಸ್ರಪ್ಪ, ಹಂಗೇ ಒಸಿ ತೊಳ್ದೂ ಬುಡಿ" ಅನ್ನುತ್ತೇನೆ.

ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ವಿಭಾಗದವಳು. ಪಂಪುಗಳ ಒಳಗೆ ಕೂರುವ ಉಕ್ಕಿನ ಭಾಗಗಳು ನನ್ನ ಮೇಜಿಗೆ ಬರುತ್ತವೆ. ಅಳೆದು ನೋಡಿ, ಸರಿಯಿದ್ದರೆ ಮುಂದಕ್ಕೆ ಬಿಡಬೇಕು. ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸಬೇಕು. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಚನ್ನಪಟ್ಟಣದಲ್ಲಿ ಮೇಷ್ಟರಾಗಿರುವ ನನ್ನ ಗಂಡ, ಇವಳು ದೋಸೆಯ ದಪ್ಪವನ್ನೂ ಕಣ್ಣಲ್ಲೇ ಅಳೆಯುತ್ತಾಳೆ ಎಂದು ನೆಂಟರ ಮುಂದೆ ಹಂಗಿಸುತ್ತಾರೆ. ಅಳೆಯುತ್ತೇನೆ, ನಿಜ. ಅವರು ಹುಯ್ದ ದೋಸೆ ಒಂದು ಕಡೆ ದಪ್ಪ ಇರುವುದೂ ನಿಜ.

ಇನ್ನು ನನ್ನ ಬೆನ್ನಿನ ವಿಷಯ ಹೇಳಬೇಕು, ಏಕೆಂದರೆ ಈ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ. ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದೆ. ಸೊಂಟದ ಮೇಲಿನ ಒಂದು ಮೂಳೆ ಬಿರುಕು ಬಿಟ್ಟಿತು. ಮೂರು ತಿಂಗಳು ಗಟ್ಟಿ ಹಾಸಿಗೆಯ ಮೇಲೆ ಚಾವಣಿ ನೋಡುತ್ತ ಮಲಗಿದ್ದೆ. ಎದ್ದು ಓಡಾಡುವಂತಾದಾಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕೂಡಿಕೊಂಡಿದೆ. ಆದರೆ ಮೇಲಿನಿಂದ ಅದುಮಿದ ಹಾಗೆ ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ನಡೆಯೋದು ಕಷ್ಟ" ಎಂದರು. ಸ್ಕೂಟರನ್ನು ಮಾರಿದೆವು. ಈ ಕಾರಿನ ಸೀಟು ಮೈಯನ್ನು ಎರಡೂ ಕಡೆಯಿಂದ ಹಿಡಿದು ಕೂರಿಸುವುದರಿಂದ ಎಷ್ಟು ದೂರ ಓಡಿಸಿದರೂ ಬೆನ್ನು ನೋಯುವುದಿಲ್ಲ. ಶೋಕಿಗೆ ಕೊಂಡಳು ಎಂದು ಜನ ಅಂದುಕೊಂಡರು. ಅರ್ಧ ಶೋಕಿಯೂ ಹೌದು.

ಕಾರು ಬಂದ ಎರಡನೆಯ ವರ್ಷ ನನಗೊಂದು ಆಸೆ ಹುಟ್ಟಿತು. ತಮಿಳುನಾಡಿನ ಕಡೆ ಇರುವ ರೇಸ್ ಟ್ರ್ಯಾಕಿನಲ್ಲಿ ಕೆಲವು ದಿನ ನಮ್ಮಂಥವರಿಗೂ ನಮ್ಮ ನಮ್ಮ ಕಾರು ತಂದು ಓಡಿಸಲು ಬಿಡುತ್ತಾರೆ. ರೇಸಲ್ಲ, ಸುಮ್ಮನೆ ಸುತ್ತು ಹಾಕುವುದು. ರಸ್ತೆಯುಬ್ಬಿಲ್ಲ, ಹಸುವಿಲ್ಲ, ತಿರುವಿನಲ್ಲಿ ಎದುರಾಗುವ ಹುಲ್ಲಿನ ಲಾರಿಯಿಲ್ಲ. ಒಂದೇ ಒಂದು ಸಲ ಈ ಕಾರು ಎಷ್ಟು ಓಡಬಲ್ಲದೋ ಅಷ್ಟು ಓಡಲಿ ಎಂದು ನನಗೆ ಹಟ. ಗಂಡನಿಗೆ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹೋಗು. ಆದರೆ ರೇಸಿನವರು ಕಟ್ಟಿಕೊಳ್ಳೋ ಬೆಲ್ಟು ಹಾಕಿಸ್ಕೊಂಡು ಹೋಗು. ಅದು ಸರಿಯಾಗಿ ಕೂತಿಲ್ಲ ಅಂದ್ರೆ ಹೋಗಬೇಡ. ನಿನ್ನ ಇನ್ನೊಂದ್ಸಲ ಆ ಹಾಸಿಗೆ ಮೇಲೆ ನೋಡೋಕೆ ನನ್ನ ಕೈಲಾಗಲ್ಲ" ಎಂದರು.

ರೇಸಿನ ಬೆಲ್ಟು ಎಂದರೆ ನಾಲ್ಕು ಪಟ್ಟಿ. ಎರಡು ಸೊಂಟಕ್ಕೆ, ಎರಡು ಹೆಗಲಿಗೆ. ನಾಲ್ಕೂ ಹೊಟ್ಟೆಯ ಮುಂದೆ ಒಂದು ಬಕಲ್‌ನಲ್ಲಿ ಸೇರುತ್ತವೆ. ಬೆಲ್ಟು ಕೊರಿಯರ್‌ನಲ್ಲಿ ಬಂದುಬಿಡುತ್ತದೆ, ಅದೇನೂ ದೊಡ್ಡ ವಿಷಯವಲ್ಲ. ಅದನ್ನು ಕಾರಿಗೆ ಎಲ್ಲಿ ಕಟ್ಟುವುದು ಎನ್ನುವುದೇ ವಿಷಯ. ಸೊಂಟದ ಪಟ್ಟಿಗಳಿಗೆ ಕಾರಿನ ತಳದಲ್ಲಿ ತೂತು ಕೊರೆದು, ಕೆಳಗಿನಿಂದ ದಪ್ಪ ಪ್ಲೇಟು ಕೊಟ್ಟು, ಉಂಗುರದ ಬೋಲ್ಟು ಬಿಗಿಯಬೇಕು. ಪ್ಲೇಟಿಲ್ಲದಿದ್ದರೆ ಎಳೆತಕ್ಕೆ ತಗಡೇ ಹರಿದು ಬರುತ್ತದೆ. ಹೆಗಲ ಪಟ್ಟಿಗಳಿಗೆ ಸೀಟಿನ ಹಿಂದೆ, ಕಾರಿನ ಚಾವಣಿ ಹೊತ್ತ ಈ ಕಂಬದಿಂದ ಆ ಕಂಬಕ್ಕೆ ಒಂದು ಉಕ್ಕಿನ ಪೈಪು ಕೂರಿಸಬೇಕು. ಬೆಲ್ಟಿನ ಜೊತೆ ಬಂದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಹೆಗಲಿನಿಂದ ಪಟ್ಟಿ ನೇರವಾಗಿ ಹಿಂದಕ್ಕೆ ಹೋಗಬೇಕು, ಇಳಿದರೂ ಇಪ್ಪತ್ತು ಡಿಗ್ರಿ ಮೀರಬಾರದು. ಹೆಚ್ಚು ಇಳಿದರೆ, ಕಾರು ಗುದ್ದಿದಾಗ ಪಟ್ಟಿ ಹೆಗಲನ್ನು ಸೀಟಿನ ಕಡೆಗೆ ಅದುಮುತ್ತದೆ, ಭಾರವೆಲ್ಲ ಬೆನ್ನುಮೂಳೆಯ ಮೇಲೆ. ಡಾಕ್ಟರು ಹೇಳಿದ ಮಾತೇ ಅದು. ಆ ಪುಟವನ್ನು ನಾಲ್ಕು ಸಲ ಓದಿದೆ. ಇದೆಲ್ಲ ಟ್ರ್ಯಾಕಿಗೆ ಮಾತ್ರ. ರಸ್ತೆಯಲ್ಲಿ ಕಾರಿನದೇ ಮಾಮೂಲಿ ಬೆಲ್ಟು. ನಾಲ್ಕು ಪಟ್ಟಿ ಬಿಗಿದುಕೊಂಡರೆ ಬಗ್ಗಿ ಟೋಲ್ ಗೇಟಿಗೆ ಕೈ ಚಾಚುವುದಕ್ಕೂ ಆಗುವುದಿಲ್ಲ.

ಬೆಂಗಳೂರಿಗೆ ಒಯ್ಯಬೇಕೆಂದಿದ್ದೆ. ನಮ್ಮ ಫ್ಯಾಕ್ಟರಿಯ ಮೆಕ್ಯಾನಿಕ್ ಒಬ್ಬರು, ಕನಕಪುರದಿಂದ ದೊಡ್ಡಆಲಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡರ್ ಇದ್ದಾರೆ, ಅವರನ್ನು ನೋಡಿ ಎಂದರು. ಆ ವೆಲ್ಡರ್ ಅರವತ್ತರ ಹತ್ತಿರದ ಆಳು, ತೆಳ್ಳಗೆ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ನಾನು ಅವರನ್ನು ಅಣ್ಣ ಎಂದೇ ಕರೆದೆ. ಶೆಡ್ಡಿಗೆ ಅಂಟಿಕೊಂಡೇ ಮನೆ. ಮುಂದಿನ ಕೋಣೆಯಲ್ಲಿ ಅವರ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ರವಿಕೆ, ಸೀರೆ ಫಾಲ್ಸು ಹೊಲಿಯುತ್ತಿದ್ದರು. ಅಣ್ಣ ಕಾರಿನ ಸುತ್ತ ಎರಡು ಸುತ್ತು ಬಂದು, ಮೊಣಕಾಲೂರಿ ಕೆಳಗೆ ಇಣುಕಿದರು.

"ಇಂತಾದ್ ಮಾಡಿಲ್ಲ ಕಣವ್ವ," ಎಂದರು. "ಟ್ರೈಲರ್‌ಗೆ ಕಬ್ಬು ಕಟ್ಟೋ ಕೊಂಡಿ ಮಾಡೀನಿ. ಮನ್ಸುನ್ನ ಕಟ್ಟೋ ಕೊಂಡಿ ಮಾಡಿಲ್ಲ. ಆ ಪುಸ್ತುಕ್ದಲ್ಲಿ ಏನ್ ಬರ್ದವ್ರೆ, ಓದಿ ಯೋಳು."

ಓದಿ ಹೇಳಿದೆ. ಅವರು ಮಧ್ಯೆ ಮಧ್ಯೆ ನಿಲ್ಲಿಸಿ ಯಾಕೆ ಎಂದು ಕೇಳಿದರು. ಬೋಲ್ಟು ಯಾಕೆ ಪಟ್ಟಿ ಎಳೆಯುವ ದಿಕ್ಕಿಗೇ ಮುಖ ಮಾಡಬೇಕು, ಪ್ಲೇಟಿನ ಮೂಲೆ ಯಾಕೆ ದುಂಡಗಿರಬೇಕು. ಕೆಲವಕ್ಕೆ ನನಗಿಂತ ಮೊದಲೇ ಅವರೇ ಉತ್ತರ ಹೇಳಿಕೊಂಡರು. ಹೆಗಲ ಪಟ್ಟಿಯ ಪುಟ ಬಂದಾಗ ನಾನು ಚಿತ್ರ ತೋರಿಸಿ, ಬೇಗ ಪುಟ ಮಗುಚಿದೆ. ನನ್ನ ಬೆನ್ನಿನ ಕತೆ ಹೇಳಲಿಲ್ಲ. ಹೇಳಿದರೆ "ಅಂಗಾರೆ ನಿಂಗ್ಯಾಕವ್ವ ಇವೆಲ್ಲ, ಮನೇಲಿರು" ಅನ್ನುತ್ತಾರೆಂಬ ಭಯ. ಆ ಮಾತನ್ನು ನಾನು ಆಗಲೇ ಬೇಕಾದಷ್ಟು ಬಾಯಿಂದ ಕೇಳಿದ್ದೆ. ಅಳತೆಯೆಲ್ಲ ಬರೆದ ಒಂದು ನಕ್ಷೆ ಕೊಟ್ಟು, ಕಾರು ಬಿಟ್ಟು, ಬಸ್ಸು ಹಿಡಿದೆ.

ಆ ವಾರ ರಜೆ ಸಿಕ್ಕ ಒಂದು ದಿನ, ಟ್ರ್ಯಾಕಿಗೆಂದು ಹೊಸದಾಗಿ ಕೊಂಡ ರೇಸ್ ಸೀಟನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಬೆಳಗಿನಿಂದ ಸಂಜೆಯವರೆಗೆ ಅವರ ಕೆಲಸ ನೋಡುತ್ತ ಕೂತಿದ್ದೆ. ಕೆಲಸ ನೋಡುವುದು ನನ್ನ ಕಸುಬು, ಆದರೂ ಅಂಥದ್ದನ್ನು ನಾನು ಕಂಡಿರಲಿಲ್ಲ. ತಳಕ್ಕೆ ತೂತು ಕೊರೆಯುವ ಮುಂಚೆ ಅವರು ಕಾರಿನ ಕೆಳಗೆ ಮಲಗಿ, ಬ್ರೇಕಿನ ಪೈಪು, ಪೆಟ್ರೋಲಿನ ಪೈಪು ಹೋಗುವ ದಾರಿಯನ್ನೆಲ್ಲ ಸೀಮೆಸುಣ್ಣದಿಂದ ಎಳೆದುಕೊಂಡರು. ಮೊದಲು ಸಣ್ಣ ತೂತು ಕೊರೆದು, ಅದರಲ್ಲಿ ಒಂದು ತಂತಿ ತೂರಿಸಿ, ಮತ್ತೆ ಕೆಳಗೆ ಮಲಗಿ ತಂತಿ ಎಲ್ಲಿ ಬಂತು ಎಂದು ನೋಡಿ, ಆಮೇಲೆ ದೊಡ್ಡ ತೂತು. ಕೊರೆದ ಅಂಚಿಗೆಲ್ಲ ತುಕ್ಕು ಹಿಡಿಯದ ಬಣ್ಣ ಬಳಿದು ಅದು ಒಣಗುವವರೆಗೆ ಕೈ ಕಟ್ಟಿ ಕೂತರು. ನಾನು ಗಡಿಯಾರ ನೋಡಿದರೆ, "ಬಣ್ಣಕ್ಕೆ ನಿನ್ ಅರ್ಜೆಂಟು ಗೊತ್ತಾಯ್ತದಾ?" ಎಂದರು.

ಬೋಲ್ಟು ಬಿಗಿದ ಮೇಲೆ ಶೆಡ್ಡಿನ ಮುಂದಿನ ಹುಣಸೆ ಮರಕ್ಕೆ ಚೈನ್ ಪುಲ್ಲಿ ಕಟ್ಟಿದರು, ಚೈನಿನ ಇನ್ನೊಂದು ತುದಿಯನ್ನು ಕಾರಿನ ತಳದ ಉಂಗುರಕ್ಕೆ ಸಿಕ್ಕಿಸಿದರು. ಹ್ಯಾಂಡ್‌ಬ್ರೇಕ್ ಹಾಕಿದ್ದ ಕಾರು ಚಕ್ರ ಉರುಳದೆ ಮಣ್ಣಿನಲ್ಲಿ ಗೀರು ಹಾಕುತ್ತ ಮರದ ಕಡೆಗೆ ಜರುಗುವವರೆಗೂ ಎಳೆದರು. ಆಮೇಲೆ ಹೋಗಿ ಪ್ಲೇಟಿನ ಸುತ್ತ ಉಗುರು ಆಡಿಸಿ ನೋಡಿದರು. ಕೂದಲೆಳೆಯಷ್ಟೂ ಕದಲಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಫ್ಯಾಕ್ಟರಿಯಲ್ಲಿ ನಾವು ಇಂಥ ಒಂದು ಪರೀಕ್ಷೆಗೆ ಮೂರು ಮೀಟಿಂಗ್ ಮಾಡುತ್ತೇವೆ.

ಪೈಪನ್ನು ಬಗ್ಗಿಸುವ ದಿನ ನಾನು ಇರಲಿಲ್ಲ. ಅದೇ ದಿನ ಫ್ಯಾಕ್ಟರಿಗೆ ಆಡಿಟ್‌ನವರು ಬಂದಿದ್ದರು. ಮಷೀನುಗಳ ಗದ್ದಲದ ನಡುವೆ ಅಣ್ಣನ ಫೋನು.

"ಅವ್ವ, ನೀ ಬರ್ದಿರೋ ಅಳ್ತೆ ಹಳೇ ಸೀಟಿಂದು. ಈಗ ನೀ ತಂದಿರೋ ರೇಸ್ ಸೀಟು ತಗ್ಗಾಗೈತೆ. ಪೈಪು ಎಷ್ಟ್ ಎತ್ರಕ್ ಮಡಗ್ಲಿ?"

ಸೀಟು ಬದಲಾಯಿಸಿದ್ದು ನಾನು, ನಕ್ಷೆ ತಿದ್ದದೆ ಬಿಟ್ಟಿದ್ದೂ ನಾನು. ಆಡಿಟ್‌ನವರು ನನ್ನ ಮೇಜಿನ ಮುಂದೆ ನಿಂತು ಕಾಯುತ್ತಿದ್ದರು. "ಹೆಗಲಿಗಿಂತ ಒಸಿ ಕೆಳಕ್ಕೆ ಹಾಕ್ಬುಡಿ ಅಣ್ಣ" ಎಂದು ಹೇಳಿ ಫೋನು ಇಟ್ಟೆ. ನನ್ನ ಎತ್ತರದವರೇ ಆದ ಅವರ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ ಅವರು ಅಳತೆ ತೆಗೆದುಕೊಂಡರಂತೆ.

ನಮ್ಮ ಸೀಮೆಯಲ್ಲಿ ಒಸಿ ಎಂಬ ಮಾತಿಗೆ ಅಳತೆಯಿಲ್ಲ. ಒಸಿ ದೂರ ಎಂದರೆ ಎರಡು ಮೈಲಿಯೂ ಆಗಬಹುದು. ಒಸಿ ಅನ್ನ ಹಾಕಿ ಎಂದರೆ ಎರಡು ಸೌಟು ಬೀಳುತ್ತದೆ. ಒಸಿ ಇರಿ ಬತ್ತೀನಿ ಎಂದು ಹೋದವರು ಸಂಜೆಗೆ ಬರುತ್ತಾರೆ. ಕೂದಲೆಳೆಯ ಲೆಕ್ಕದಲ್ಲಿ ಬದುಕುವ ನಾನು, ನನ್ನ ಬೆನ್ನುಮೂಳೆಯ ಅಳತೆಯನ್ನು ಆ ಮಾತಿನಲ್ಲಿ ಹೇಳಿ ಆಡಿಟ್‌ನವರ ಕಡೆಗೆ ತಿರುಗಿದೆ.

ಶನಿವಾರ ಕಾರು ತರಲು ಹೋದಾಗ ಕಂಡದ್ದು ಇದು. ಪೈಪಿನೊಳಗೆ ಒಣ ಮರಳು ತುಂಬಿ, ಕಾಯಿಸಿ ಬಗ್ಗಿಸಿದ್ದರು. ಬಾಗಿದ ಜಾಗದಲ್ಲಿ ಒಂದು ಸುಕ್ಕಿಲ್ಲ, ಚಪ್ಪಟೆಯಿಲ್ಲ. ಎರಡೂ ತುದಿ ಕಂಬಗಳ ಹತ್ತಿರ ಎತ್ತರದಲ್ಲಿದ್ದು, ನಡುವೆ ಸೀಟಿನ ಹಿಂದೆ ತಗ್ಗಿಗೆ ಇಳಿದು ಬಂದಿತ್ತು. ಕಂಬಗಳಲ್ಲಿ ಕಂಪನಿಯವರೇ ಬೆಲ್ಟಿಗಾಗಿ ಕೊಟ್ಟ ದಪ್ಪ ನಟ್ಟುಗಳಿಗೇ ಬಿಗಿದಿದ್ದರಿಂದ ಅಲ್ಲಿ ಹೊಸ ತೂತೇ ಇಲ್ಲ. ಬೆಸುಗೆಯ ಗೆರೆಯನ್ನು ಬೆರಳಿನಿಂದ ಸವರಿದರೆ ಒಂದೇ ಸಮ. ತಳದ ಉಂಗುರಗಳಿಗೆ ನನ್ನ ದುಪಟ್ಟಾ ಸಿಕ್ಕದ ಹಾಗೆ ರಬ್ಬರಿನ ಟೊಪ್ಪಿ ಹಾಕಿದ್ದರು. ಕತ್ತರಿಸಿದ ಕಾರ್ಪೆಟ್ಟಿನ ಅಂಚನ್ನು ಅವರ ಹೆಂಡತಿ ಮಡಚಿ, ಫಾಲ್ಸ್ ಹೊಲಿಯುವ ಸಣ್ಣ ಹೊಲಿಗೆಯಲ್ಲಿ ಹೊಲಿದಿದ್ದರು. ಬೆಲ್ಟುಗಳನ್ನು ಸುರುಳಿ ಸುತ್ತಿ, ರವಿಕೆ ಬಟ್ಟೆಯ ತುಂಡುಗಳಿಂದ ಕಟ್ಟಿ ಸೀಟಿನ ಮೇಲೆ ಇಟ್ಟಿದ್ದರು. ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡಲು ಬಂದು ನಿಂತಿದ್ದರು.

ನಾನು ಸೀಟಿನಲ್ಲಿ ಕೂತು, ಹಿಂದೆ ತಿರುಗಿ ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಪೈಪು ನನ್ನ ಹೆಗಲಿಗಿಂತ ಒಂದು ಗೇಣು ಕೆಳಗಿತ್ತು.

"ಹಿಂದಿನ ಗಾಜಲ್ಲಿ ರೋಡು ಕಾಣ್ಬೇಕಲ್ಲ, ಅದ್ಕೆ ಒಸಿ ತಗ್ಸಿವ್ನಿ," ಎಂದರು ಅಣ್ಣ. "ತಲೆ ತಗಲ್ದಂಗೂ ಆಯ್ತು. ಎಂಗೈತೆ ಯೋಳು?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ನನ್ನ ಬಾಯಿಗೆ ಬಂದದ್ದು "ತುಂಬಾ ಚೆನ್ನಾಗಿದೆ ಅಣ್ಣ" ಎಂಬ ಮಾತು. ಹೇಳಿ, ನಕ್ಕು, ಅವರು ಕೊಟ್ಟ ಕಾಫಿ ಕುಡಿದು, ಮಾಮೂಲಿ ಬೆಲ್ಟು ಹಾಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ಪೈಪು ಕಾಣುತ್ತಿತ್ತು. ಎಷ್ಟು ಚೆಂದದ ಕೆಲಸ ಎಂದುಕೊಳ್ಳುತ್ತಲೇ ಬಂದೆ, ಏಕೆಂದರೆ ಅದು ನಿಜವಾಗಿಯೂ ಚೆಂದವಿತ್ತು.

ಮನೆಯ ಮುಂದೆ ಬಕಲ್ ಹಾಕಿ, ಪಟ್ಟಿ ಬಿಗಿಯದೆ ಸುಮ್ಮನೆ ಹೆಗಲ ಮೇಲೆ ಹಾಸಿ, ಫೋನಿನಲ್ಲಿ ಕೋನ ಅಳೆದೆ. ಮೂವತ್ತರ ಹತ್ತಿರ. ಪಟ್ಟಿಗಳನ್ನು ಮತ್ತೆ ಅದೇ ರವಿಕೆ ಬಟ್ಟೆಯಲ್ಲಿ ಕಟ್ಟಿಟ್ಟೆ. ನನ್ನ ಗಂಡ ಬಂದು ಪೈಪಿನ ಮೇಲೆ ಕೈಯಾಡಿಸಿ, "ಅಬ್ಬಾ, ಏನು ಕೆಲಸ" ಎಂದರು. ಆಮೇಲೆ ನನ್ನ ಮುಖ ನೋಡಿದರು. ಅವರ ಹತ್ತಿರ ಸುಳ್ಳು ಹೇಳಲು ಆಗಲಿಲ್ಲ, ಪೈಪು ತಗ್ಗಾಗಿದೆ ಎಂದೆ.

"ಹಾಗಾದ್ರೆ ಅವರಿಗೆ ಹೇಳು," ಎಂದರು.

"ಆ ವಯಸ್ಸಿನವರಿಗೆ, ಅಷ್ಟು ಜನರ ಮುಂದೆ, ನಿಮ್ಮ ಕೆಲಸ ತಪ್ಪು ಅಂತ ಹೇಗೆ ಹೇಳೋದು?" ಎಂದೆ.

"ದಿನಾ ಹೇಳ್ತೀಯಲ್ಲ," ಎಂದರು.

ನಡುವೆ ಎರಡು ಸಲ ಅಣ್ಣನ ಫೋನು ಬಂತು. "ಬಿಗ್ದು ನೋಡ್ದಾ? ಎಂಗ್ ಹಿಡೀತದೆ?" ಎಂದು ಕೇಳಿದರು. "ಗಟ್ಟಿಯಾಗಿದೆ ಅಣ್ಣ" ಎಂದೆ. ಎರಡನೆಯ ಸಲ "ಸೂಪರ್" ಎಂದೂ ಹೇಳಿದೆ. ಟ್ರ್ಯಾಕಿನ ದಿನ ಹತ್ತಿರವಾಗುತ್ತಿತ್ತು. ಆ ಪಟ್ಟಿ ಬಿಗಿದುಕೊಂಡು ಹೋದರೆ, ಎಲ್ಲಾದರೂ ತಪ್ಪಿ ಟೈರುಗಳ ಗೋಡೆಗೆ ಗುದ್ದಿದರೆ ನನ್ನ ಕಾಲು ನನ್ನದಾಗಿ ಉಳಿಯುವುದಿಲ್ಲ. ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ, ಅದೂ ಗೊತ್ತಿತ್ತು. ಬಿಟ್ಟ ಆಸೆಯನ್ನು ಮತ್ತೆ ಹಿಡಿಯುವ ವಯಸ್ಸು ನನ್ನದಲ್ಲ. ಬೇರೆ ಕಡೆ ಬೇರೆ ಪೈಪು ಹಾಕಿಸೋಣ ಎಂದುಕೊಂಡೆ. ಆದರೆ ಅಣ್ಣನ ಪೈಪನ್ನು ಇನ್ನೊಬ್ಬರು ಬಿಚ್ಚಿ ಮೂಲೆಗೆಸೆಯುವುದನ್ನು ನೆನೆದು ಅದನ್ನೂ ಕೈಬಿಟ್ಟೆ. ಕೊನೆಗೆ, ಹೋಗುವುದೇ ಬೇಡ, ಕಾರಿನ ಕ್ಲಚ್ಚು ಸರಿಯಿಲ್ಲ ಎಂದು ಹೇಳಿಬಿಡೋಣ ಎಂದು ತೀರ್ಮಾನಿಸಿದೆ. ಅಷ್ಟು ಮಾಡಿಕೊಟ್ಟವರಿಗೆ ಫೋನಿನಲ್ಲಿ ಹೇಳುವುದು ಬೇಡವೆಂದು, ಫ್ಯಾಕ್ಟರಿ ಮುಗಿಸಿ, ದಾರಿ ಬಳಸಿ ಶೆಡ್ಡಿಗೆ ಹೋದೆ.

ಅಣ್ಣ ಕ್ಲಚ್ಚಿನ ಕತೆ ಕೇಳುತ್ತ ಕಾರಿನ ಬಾಗಿಲು ತೆಗೆದರು. ಸೀಟಿನ ಮೇಲಿದ್ದ ಸುರುಳಿಗಳನ್ನು ಎತ್ತಿ, ಕಟ್ಟಿದ ಬಟ್ಟೆಯನ್ನು ನೋಡಿದರು. ಹೆಂಡತಿಯನ್ನು ಕರೆದು ತೋರಿಸಿದರು.

"ಇದು ನಾ ಕಟ್ಟಿದ್ ಗಂಟಲ್ಲ," ಎಂದರು ಆಕೆ. "ಒಂದ್ಸಲ ಬಿಚ್ಚವ್ಳೆ, ಮತ್ತೆ ಕಟ್ಟವ್ಳೆ. ಪಟ್ಟಿಯಲ್ಲಿ ಮಡಿಕೆ ಹಂಗೇ ಐತೆ. ಬಿಗ್ದೇ ಇಲ್ಲ."

ಅಣ್ಣ ನನ್ನ ಕಡೆ ನೋಡಲಿಲ್ಲ. ಪೈಪಿನ ಮೇಲೆ ಕೈಯಿಟ್ಟುಕೊಂಡು, "ಏನ್ ತಪ್ಪಾಗೈತೆ?" ಎಂದು ಕೇಳಿದರು.

ಆಗ ಎಲ್ಲ ಹೇಳಿದೆ. ಸ್ಕೂಟರು, ಬಿರುಕು ಬಿಟ್ಟ ಮೂಳೆ, ಡಾಕ್ಟರ ಮಾತು, ಅಂದು ನಾನು ಬೇಗ ಮಗುಚಿದ ಆ ಪುಟ. ಪಟ್ಟಿ ಕೆಳಕ್ಕೆ ಎಳೆದರೆ ಬೆನ್ನು ಹೇಗೆ ಕುಸಿಯುತ್ತದೆಂದು ತೋರಿಸಲು ಅವರ ಹೆಗಲನ್ನೇ ಮೇಲಿನಿಂದ ಅದುಮಿದೆ. ಒಸಿ ಎಂದದ್ದು ನನ್ನದೇ ತಪ್ಪು, ನಕ್ಷೆ ತಿದ್ದದಿದ್ದದ್ದೂ ನನ್ನದೇ ಎಂದೆ. ಕಣ್ಣಲ್ಲಿ ನೀರು ಬಂತು, ನನ್ನ ಮೇಲೆ ನನಗೆ ಸಿಟ್ಟೂ ಬಂತು. ಅವರು ಪೂರ್ತಿ ಕೇಳಿಸಿಕೊಂಡರು.

"ಒಸಿ ಅಂದ್ರೆ ನಂಗೆ ಒಂದ್ ಗೇಣು," ಎಂದರು. "ಟ್ರೈಲರ್ ಕೆಲ್ಸದಲ್ಲಿ ಅದ್ಕಿಂತ ಕಮ್ಮಿ ಲೆಕ್ಕುಕ್ಕೇ ಇಲ್ಲ. ಅದು ಓಗ್ಲಿ, ಅದು ಮಾತಿನ್ ತಪ್ಪು. ಫ್ಯಾಕ್ಟ್ರಿಲಿ ನೀ ಕೆಂಪ್ ಚೀಟಿ ಅಂಟುಸ್ತೀಯಂತಲ್ಲ, ಮೆಕ್ಯಾನಿಕ್ ಯೋಳ್ದ. ಅಲ್ಲಿ ಕೆಲ್ಸ ಮಾಡೋರ್ಗೆಲ್ಲ ಅಂಟುಸ್ತೀಯ. ನಂಗ್ಯಾಕೆ ಅಂಟುಸ್ನಿಲ್ಲ?"

"ನಿಮ್ಗೆ ಬೇಜಾರಾಗುತ್ತೆ ಅಂತ, ಅಣ್ಣ."

"ನೀ ಬೆನ್ ಮುರ್ಕೊಂಡ್ ಬಂದಿದ್ರೆ ನಂಗೆ ಬೇಜಾರಾಯ್ತಿರ್ನಿಲ್ವಾ?" ಅವರ ದನಿ ಏರಲಿಲ್ಲ. "ವಯಸ್ಸಾದೋರು, ಪಾಪ, ಏನೋ ಮಾಡವ್ರೆ, ಬುಡು ಅಂತ ನೀನ್ ಅಂದ್ಕೊಂಡೆ. ಕೆಲ್ಸುದ್ ಮನ್ಸ ಅಂತ ಎಣುಸ್ನಿಲ್ಲ ನೀನು."

ನನ್ನ ಬದುಕಿನಲ್ಲಿ ಯಾರೂ ನನಗೆ ಅಷ್ಟು ಸರಿಯಾಗಿ ಕೆಂಪು ಚೀಟಿ ಅಂಟಿಸಿರಲಿಲ್ಲ. ನಾನು ಮರ್ಯಾದೆ ಎಂದುಕೊಂಡದ್ದು ಕನಿಕರವಾಗಿತ್ತು. ಅದು ಅವರಿಗೆ ಮೊದಲೇ ಗೊತ್ತಾಗಿತ್ತು.

ಇರುವ ಪೈಪಿನ ಮೇಲೆಯೇ ಇನ್ನೊಂದು ತುಂಡು ಬೆಸೆದು ಎತ್ತರಿಸಬಹುದಲ್ಲ ಎಂದು ಕೇಳಿದೆ. "ಅದು ತೇಪೆ," ಎಂದು ಹೇಳಿ ಅವರು ಸ್ಪ್ಯಾನರ್ ತಂದು ತಮ್ಮದೇ ಪೈಪನ್ನು ಬಿಚ್ಚಿ ಹೊರಗೆ ತೆಗೆದರು. ನಾನು ಎರಡು ವಾರ ಬಿಚ್ಚಲಾರದೆ ಒದ್ದಾಡಿದ್ದನ್ನು ಬಿಚ್ಚುವುದಕ್ಕೆ ಅವರಿಗೆ ಒಂದು ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಭಾನುವಾರ ಬೆಳಿಗ್ಗೆ ಬಾ ಎಂದರು.

ಭಾನುವಾರ ನನ್ನ ಗಂಡನೂ ಜೊತೆಗೆ ಬಂದರು. ಅಣ್ಣ ನನ್ನನ್ನು ಸೀಟಿನಲ್ಲಿ ಕೂರಿಸಿ, ಟ್ರ್ಯಾಕಿನಲ್ಲಿ ಹಾಕುವ ಬೂಟೂ ಹೆಲ್ಮೆಟ್ಟೂ ಹಾಕಿಸಿದರು. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪನ್ನು ಯಾರಿಂದಲೋ ಕೇಳಿ ತಂದಿದ್ದರು. ಅದರ ಒಂದು ತುದಿಯನ್ನು ಅವರ ಹೆಂಡತಿ ನನ್ನ ಹೆಗಲಿಗೆ ಹಿಡಿದರು, ಇನ್ನೊಂದು ತುದಿಯನ್ನು ನನ್ನ ಗಂಡ ಹಿಂದಿನ ಕಂಬಕ್ಕೆ ಹಿಡಿದರು. ಎರಡೂ ಕಡೆ ನೀರು ನಿಲ್ಲುವವರೆಗೆ ಯಾರೂ ಅಲುಗಬಾರದು. "ಉಸ್ರು ಬುಡವ್ವ, ಹೆಗಲು ಎತ್ಬೇಡ," ಎಂದರು ಅಣ್ಣನ ಹೆಂಡತಿ. ನೀರು ನಿಂತ ಕಡೆ ಅಣ್ಣ ಸೀಮೆಸುಣ್ಣದ ಗೆರೆ ಎಳೆದರು.

"ಇದು ನಿನ್ ಹೆಗಲು. ಇಲ್ಲಿಂದ ಎಷ್ಟ್ ಕೆಳಕ್ಕೆ? ಲೆಕ್ಕದಲ್ಲಿ ಯೋಳು."

"ಮೂವತ್ತು ಮಿಲಿಮೀಟರ್," ಎಂದೆ.

ಮರಳು, ಬೆಂಕಿ, ಬಾಗು, ಎಲ್ಲ ಮೊದಲಿನಿಂದ. ಈ ಸಲ ನಾನು ಕಣ್ಣಾರೆ ನೋಡಿದೆ. ಕೆಂಪಗಾದ ಪೈಪನ್ನು ಅವರು ಅವಸರವಿಲ್ಲದೆ, ಮೈಭಾರ ಮಾತ್ರ ಕೊಟ್ಟು ಬಗ್ಗಿಸುತ್ತಿದ್ದರು. ನಡುವೆ ಎರಡು ಸಲ ನಿಲ್ಲಿಸಿ ತಗಡಿನ ಮೇಲೆ ಬರೆದ ಗೆರೆಗೆ ಹೋಲಿಸಿದರು. ಬ್ಯಾಟರಿಯ ತಂತಿ ಕಿತ್ತು, ಸೀಟಿನ ಮೇಲೆಲ್ಲ ಒದ್ದೆ ಗೋಣಿ ಹೊದಿಸಿ, ಪೈಪಿನ ತುದಿಗಳನ್ನು ಕಂಬಕ್ಕೆ ಬಿಗಿಯುವ ಉಕ್ಕಿನ ಬಿಲ್ಲೆಗಳನ್ನು ಕಾರಿನೊಳಗೇ ಒಂದೊಂದು ಚುಕ್ಕಿ ಬೆಸುಗೆಯಿಂದ ಮಾತ್ರ ಹಿಡಿಸಿದರು. ಅಳತೆ ನೋಡಿ ನಾನು 'ಸರಿ' ಅಂದ ಮೇಲೆ ಹೊರಗೆ ತೆಗೆದು ಪೂರ್ತಿ ಬೆಸೆಯಬೇಕು. ಗೋಣಿ ತೆಗೆದು ನನ್ನನ್ನು ಮತ್ತೆ ಕೂರಿಸಿ, ನಾಲ್ಕು ಪಟ್ಟಿ ಬಿಗಿದರು. ಪಟ್ಟಿಗಳು ಹೆಗಲಿನಿಂದ ಹಿಂದಕ್ಕೆ ಮಟ್ಟಸವಾಗಿ ಹೋಗಿದ್ದವು. ಎಳೆದಾಗ ಬೆನ್ನು ಸೀಟಿಗೆ ಒರಗಿತೇ ಹೊರತು ಕೆಳಕ್ಕೆ ಅದುಮಲಿಲ್ಲ. ಎಷ್ಟೋ ವರ್ಷದ ಭಯ ಮೈಯಿಂದ ಇಳಿದ ಹಾಗಾಯಿತು.

"ಎಂಗೈತೆ?" ಎಂದರು ಅಣ್ಣ.

ನಾನು ಪಟ್ಟಿ ಬಿಚ್ಚಿ ಇಳಿದು, ಚೀಲದಿಂದ ಅಳತೆಯ ಸಾಮಾನು ತೆಗೆದು, ಬಲಗಡೆ ಅಳೆದೆ. ಎಡಗಡೆ ಅಳೆದೆ. ಮತ್ತೊಮ್ಮೆ ಎಡಗಡೆಯೇ ಅಳೆದೆ. ನನ್ನ ಗಂಡ ಕಣ್ಣಿನಲ್ಲೇ ಸಾಕು ಬಿಡು ಎಂದರು. ನಿಜ ಹೇಳಬೇಕೆಂದರೆ ಅಷ್ಟು ವ್ಯತ್ಯಾಸದಿಂದ ಯಾರ ಬೆನ್ನಿಗೂ ಏನೂ ಆಗುವುದಿಲ್ಲ.

"ಎಡಗಡೆ ನಾಕು ಮಿಲಿಮೀಟರ್ ಮೇಲೈತೆ ಅಣ್ಣ," ಎಂದೆ.

ಅಣ್ಣ ಬಗ್ಗಿ ಎಡಗಡೆಯ ಬಿಲ್ಲೆಯನ್ನು ನೋಡಿದರು. ಸುತ್ತಿಗೆ ತೆಗೆದುಕೊಂಡು ಒಂದೇ ಏಟಿಗೆ ಚುಕ್ಕಿ ಬೆಸುಗೆ ಬಿಡಿಸಿ, ಪೈಪನ್ನು ತಗ್ಗಿಸಿ ಹಿಡಿದರು. ಅವರ ಮುಖ ಬೆಳಗಿನಿಂದ ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

"ಈಗ?"

"ಇನ್ನೂ ಒಂದು ಮಿಲಿಮೀಟರ್ ಐತೆ."

"ಈಗ ನೋಡು."

ನಾನು ಸಮಯ ತೆಗೆದುಕೊಂಡು ಎರಡೂ ಕಡೆ ನೋಡಿದೆ. "ಸರಿ ಅಣ್ಣ," ಎಂದೆ.

ಅವರು ಬಂದು ಅಳೆದು ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿ, "ಸರಿ ಅಂದ್ಲು," ಎಂದರು. ಆಮೇಲೆ ಮುಖಕ್ಕೆ ಕಪ್ಪು ಗಾಜು ಹಿಡಿಯುವ ಮುಂಚೆ ನನಗೆ, "ಅಂಗಾರೆ ಟ್ರ್ಯಾಕ್‌ಗೆ ಓಗ್ಬುಟ್ ಬಾ," ಎಂದು ಹೇಳಿ ಬೆಸುಗೆಗೆ ಕೂತರು.